ನಿಕೋಸಿಯಾದ ದೊಡ್ಡ ಛತ್ರ

ಸರಕು ಹೇರಿಕೊಂಡು ಊರಿಂದೂರಿಗೆ ತಿರುಗುತ್ತಿದ್ದ ವರ್ತಕರಿಗೆ ಇಳಿದುಕೊಳ್ಳಲು ಕೋಣೆ, ಅವರ ಮೂಟೆಗಳಿಗೆ ಭದ್ರವಾದ ಉಗ್ರಾಣ, ಹೊರೆ ಹೊತ್ತ ಪ್ರಾಣಿಗಳಿಗೆ ಲಾಯ, ನಡುವೆ ನೀರು, ನೀರಿನ ಬಳಿಯಲ್ಲೇ ಪ್ರಾರ್ಥನೆಯ ಜಾಗ, ಹೀಗೆ ದಾರಿಹೋಕನಿಗೆ ಒಂದು ರಾತ್ರಿಯ ಮಟ್ಟಿಗೆ ಬೇಕಾದುದೆಲ್ಲವನ್ನೂ ಒಂದೇ ಗೋಡೆಯ ಸುತ್ತಿನೊಳಗೆ ಒದಗಿಸುತ್ತಿದ್ದ ಕಟ್ಟಡಕ್ಕೆ ಆಟೊಮನ್ ತುರ್ಕರ ಆಡಳಿತವಿದ್ದ ನಾಡುಗಳಲ್ಲಿ ಹಾನ್ ಎಂಬ ಹೆಸರಿತ್ತು. ಹಳೆಯ ಮೈಸೂರು ಸೀಮೆಯ ಛತ್ರಗಳನ್ನು ಬಲ್ಲ ಓದುಗರಿಗೆ ಇದರ ಕಲ್ಪನೆ ಕಷ್ಟವಲ್ಲ; ವ್ಯತ್ಯಾಸವಿರುವುದು ನಡೆಸುವ ಬಗೆಯಲ್ಲಿ. ಛತ್ರ ಬಹುಮಟ್ಟಿಗೆ ಯಾತ್ರಿಕರನ್ನು ನೆನೆದು ಪುಣ್ಯಾರ್ಥವಾಗಿ ಕಟ್ಟಿಸಿದ್ದು. ಹಾನ್ ವ್ಯಾಪಾರಕ್ಕಾಗಿ ಕಟ್ಟಿಸಿದ್ದು. ಅಲ್ಲಿ ಕೋಣೆಗೂ ಅಂಗಡಿಗೂ ಬಾಡಿಗೆ ಉಂಟು, ಮತ್ತು ಆ ಬಾಡಿಗೆ ಅನೇಕ ಸಲ ವಕ್ಫ್‌ಗೆ, ಅಂದರೆ ಮಸೀದಿ, ಶಾಲೆ, ಕುಡಿಯುವ ನೀರು ಮೊದಲಾದ ಸಾರ್ವಜನಿಕ ಕಾರ್ಯಗಳಿಗೆಂದು ಶಾಶ್ವತವಾಗಿ ಬಿಟ್ಟುಕೊಟ್ಟ ಆಸ್ತಿಯ ನಿಧಿಗೆ ಸೇರುತ್ತಿತ್ತು. ಪೂರ್ವ ಮೆಡಿಟರೇನಿಯನ್ ಸಮುದ್ರದ ದ್ವೀಪವಾದ ಸೈಪ್ರಸ್‌ನ ರಾಜಧಾನಿ ನಿಕೋಸಿಯಾದಲ್ಲಿ ಉಳಿದು ಬಂದಿರುವ ಬೂಯೂಕ್ ಹಾನ್, ಎಂದರೆ ದೊಡ್ಡ ಹಾನ್, ಇಂಥ ಕಟ್ಟಡ. ದುರಸ್ತಿಗೊಂಡು 2002ರಲ್ಲಿ ಮತ್ತೆ ಬಾಗಿಲು ತೆರೆದ ಈ ಹಾನ್‌ಗೆ ವರ್ಷ ಕಳೆಯುವುದರೊಳಗೆ ಒದಗಿ ಬಂದ ಬಳಕೆ, ದುರಸ್ತಿ ಮಾಡಿದವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಬಳಕೆಗಿಂತ ಬಹಳ ದೊಡ್ಡದಾಗಿತ್ತು. ಹಳೆಯ ಕಟ್ಟಡಗಳ ಸಂರಕ್ಷಣೆಯನ್ನು ಅಭ್ಯಾಸ ಮಾಡಲೆಂದು ಬೆಂಗಳೂರಿನಿಂದ ಹೋಗಿ ಆ ಊರಿನಲ್ಲಿ ಕೆಲಕಾಲ ಇದ್ದ ಈ ಲೇಖಕಿಯ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವ ಸಂಗತಿ ಅದೇ.

1570ರಲ್ಲಿ ವೆನಿಸ್ ಗಣರಾಜ್ಯದ ಕೈಯಿಂದ ನಿಕೋಸಿಯಾವನ್ನೂ ಮರುವರ್ಷ ಪೂರ್ವ ತೀರದ ಫಾಮಗುಸ್ತಾ ಬಂದರನ್ನೂ ಗೆದ್ದುಕೊಂಡ ಆಟೊಮನ್ನರು ದ್ವೀಪಕ್ಕೆ ನೇಮಿಸಿದ ಮೊದಲ ಗವರ್ನರ್ ಮುಜಫ್ಫರ್ ಪಾಷಾ 1572ರಲ್ಲಿ ಈ ಹಾನ್ ಕಟ್ಟಿಸಿದನು. ಸೋತ ಊರಿನಲ್ಲಿ ಹೊಸ ಆಡಳಿತ ಕೈಗೊಂಡ ಮೊದಮೊದಲ ದೊಡ್ಡ ಕಟ್ಟಡದ ಕೆಲಸ ಕೋಟೆಯಾಗಲೀ ಅರಮನೆಯಾಗಲೀ ಆಗದೆ ವ್ಯಾಪಾರಿಗಳ ವಸತಿಯಾದದ್ದಕ್ಕೆ ಕಾರಣ ಸರಳವಾಗಿದೆ. ಕೋಟೆಯನ್ನು ವೆನಿಸ್‌ನವರೇ, ಹನ್ನೊಂದು ಕೊತ್ತಳಗಳ ನಕ್ಷತ್ರಾಕಾರದ ಸುತ್ತುಗೋಡೆಯ ರೂಪದಲ್ಲಿ, 1567ರಿಂದ ಅವಸರ ಅವಸರವಾಗಿ ಎಬ್ಬಿಸಿ ಬಿಟ್ಟುಹೋಗಿದ್ದರು. ಮುತ್ತಿಗೆಯಿಂದ ಬರಿದಾದ ಪೇಟೆಗೆ ಮತ್ತೆ ಜನ ಬರಬೇಕಾದರೆ ಹೊರಗಿನ ವರ್ತಕನಿಗೆ ತನ್ನ ಸರಕಿನೊಂದಿಗೆ ನಿರ್ಭಯವಾಗಿ ಮಲಗಲು ಒಂದು ಜಾಗ ಮೊದಲು ಬೇಕಾಗಿತ್ತು. ಅನತೋಲಿಯಾದ ಬುರ್ಸಾ ಪಟ್ಟಣದಲ್ಲಿ 15ನೇ ಶತಮಾನದ ಕೊನೆಗೆ ಎದ್ದ, ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾಗಿದ್ದ ಕೋಝಾ ಹಾನ್‌ಗೂ ಇದಕ್ಕೂ ರಚನೆಯಲ್ಲಿ ಹತ್ತಿರದ ಸಾಮ್ಯವಿದೆ. ಎರಡರಲ್ಲೂ ಅಂಗಳದ ನಟ್ಟನಡುವೆ ನೀರಿನ ಕಾರಂಜಿಯ ಮೇಲೆ ಕಂಬಗಳನ್ನು ನಿಲ್ಲಿಸಿ, ಆ ಕಂಬಗಳ ಮೇಲೆ ಒಂದು ಪುಟ್ಟ ಮಸೀದಿಯನ್ನು ಎತ್ತಿ ಕೂರಿಸಲಾಗಿದೆ.

ಕಟ್ಟಡದ ಒಳರಚನೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಮುಂದೆ ನಡೆದುದಕ್ಕೆಲ್ಲ ಅದೇ ಆಧಾರ. ಚೌಕಾಕಾರದ ತೆರೆದ ಅಂಗಳ. ಅದರ ನಾಲ್ಕೂ ಕಡೆ ಎರಡು ಅಂತಸ್ತುಗಳಲ್ಲಿ ಕಮಾನುಗಳ ಸಾಲು. ಕಮಾನಿನ ಹಿಂದೆ ಕೈಸಾಲೆ, ಅಂದರೆ ಅಂಗಳದ ಕಡೆಗೆ ತೆರೆದುಕೊಂಡ ಮಾಡಿನಡಿಯ ಓಡಾಟದ ಹಾದಿ. ಕೈಸಾಲೆಯ ಹಿಂದೆ ಒಂದರ ಪಕ್ಕ ಒಂದರಂತೆ ಕೋಣೆಗಳು, ಎರಡು ಅಂತಸ್ತು ಸೇರಿ 68. ಕೆಳಗಿನವು ಸರಕಿಗೂ ಪ್ರಾಣಿಗಳಿಗೂ, ಮೇಲಿನವು ಮನುಷ್ಯರಿಗೆ. ಮೇಲಿನ ಕೋಣೆಗಳಲ್ಲಿ ಚಳಿಗಾಲಕ್ಕೆಂದು ಗೋಡೆಯೊಳಗೇ ಅಗ್ಗಿಷ್ಟಿಕೆಯ ಗೂಡು ಬಿಟ್ಟಿದ್ದಾರೆ. ಅವುಗಳ ಹೊಗೆಗೂಡುಗಳು ಇಂದಿಗೂ ಚಾವಣಿಯಂಚಿನಲ್ಲಿ ಸಾಲಾಗಿ ತಲೆಯೆತ್ತಿ ನಿಂತಿವೆ. ಹೊರಗೋಡೆ ದಪ್ಪ, ಹೊರಗಡೆಗೆ ಕಿಂಡಿಗಳು ಕಡಮೆ. ಗಾಳಿಬೆಳಕೆಲ್ಲ ಬರುವುದು ಅಂಗಳದಿಂದ. ಪೂರ್ವಕ್ಕೆ ಹೆಬ್ಬಾಗಿಲು, ಅದಕ್ಕೆ ಎದುರಾಗಿ ಪಶ್ಚಿಮಕ್ಕೆ ಇನ್ನೊಂದು ಬಾಗಿಲು. ಈ ಎರಡನ್ನು ಬಿಟ್ಟರೆ ಒಳಬರುವ ದಾರಿ ಬೇರೆ ಇಲ್ಲ. ಯಾವ ಕೋಣೆಯಿಂದ ಹೊರಬಂದವನೂ ಬಂದು ನಿಲ್ಲುವುದು ಅಂಗಳದ ಎದುರಿನಲ್ಲೇ, ಯಾವ ಕೋಣೆಗೂ ಬೇರೆ ಕೋಣೆಗಿಂತ ಹೆಚ್ಚಿನ ಮರ್ಯಾದೆ ಇಲ್ಲ ಎಂಬ ಈ ಯೋಜನೆ ಕಾಗದದ ಮೇಲೆ ನೋಡಿದಾಗ ನೀರಸವಾಗಿ ಕಾಣುತ್ತದೆ; ಅಲ್ಲಿ ಒಂದು ಮುಂಜಾನೆ ಕುಳಿತು ಜನರ ಓಡಾಟವನ್ನು ಗಮನಿಸಿದಾಗ ಮಾತ್ರ ಅದರ ಬುದ್ಧಿವಂತಿಕೆ ತಿಳಿಯುತ್ತದೆ.

ದ್ವೀಪದ ಆಡಳಿತ 1878ರಲ್ಲಿ ಬ್ರಿಟಿಷರ ಕೈಗೆ ಬಂದ ಮೇಲೆ, 19ನೇ ಶತಮಾನದ ಕೊನೆಯಲ್ಲಿ, ಹಾನ್ ಸೆರೆಮನೆಯಾಯಿತು. ಕಳ್ಳರು ಒಳಗೆ ಬಾರದಂತೆ ಕಟ್ಟಿದ ಗೋಡೆ ಕೈದಿಗಳು ಹೊರಗೆ ಹೋಗದಂತೆ ಕಾಯುವುದಕ್ಕೂ ಒದಗಿತು. ಸೆರೆಮನೆ ಅಲ್ಲಿಂದ ಬೇರೆಡೆಗೆ ಹೋದ ಮೇಲೆ ಮತ್ತೆ ಕೆಲಕಾಲ ತಂಗುಮನೆಯಾಗಿ, ಕೊನೆಗೆ 1960ರ ದಶಕದ ಆರಂಭದವರೆಗೆ ಮನೆಯಿಲ್ಲದ ಬಡ ಕುಟುಂಬಗಳ ವಸತಿಯಾಗಿ ಉಳಿಯಿತು. ವಾಸ್ತುಶಿಲ್ಪದ ಪುಸ್ತಕಗಳು ಈ ಕೊನೆಯ ಹಂತವನ್ನು ಸಾಮಾನ್ಯವಾಗಿ ಅರ್ಧ ವಾಕ್ಯದಲ್ಲಿ, ಅದೂ ಕಟ್ಟಡದ ಅವನತಿಯ ಕಾಲವೆಂಬ ಮಾತಿನೊಂದಿಗೆ, ಮುಗಿಸಿಬಿಡುತ್ತವೆ. ಇದು ನ್ಯಾಯವಲ್ಲ. ಹಾಗೆ ಅಲ್ಲಿ ಹುಟ್ಟಿ ಬಾಲ್ಯ ಕಳೆದಿದ್ದ ಒಬ್ಬ ತುರ್ಕಿ ಸೈಪ್ರಿಯಟ್ ವೃದ್ಧೆಯನ್ನು ಲೇಖಕಿ ಹಾನ್‌ನಲ್ಲೇ ಕಂಡು ಮಾತನಾಡುವಂತಾಯಿತು. ಕಿರಿಯರೆಲ್ಲ ಅವರನ್ನು ತೇಯ್ಜೆ ಎಂದು, ಅಂದರೆ ಚಿಕ್ಕಮ್ಮ ದೊಡ್ಡಮ್ಮ ಎನ್ನುವಂತೆ, ಕರೆಯುತ್ತಿದ್ದರು. ಮೇಲಂತಸ್ತಿನ ಒಂದೇ ಕೋಣೆಯಲ್ಲಿ ತಮ್ಮ ಇಡೀ ಸಂಸಾರ ಮಲಗುತ್ತಿದ್ದುದನ್ನೂ, ತಾಯಿ ಗೂಡಿನ ಬೆಂಕಿಯ ಮೇಲೆ ಹುರುಳಿಕಾಯಿ ಬೇಯಿಸುತ್ತಿದ್ದುದನ್ನೂ, ಒಗೆದ ಬಟ್ಟೆ ಹಾಕುವ ಹಗ್ಗ ಯಾವ ಕಂಬದಿಂದ ಯಾವ ಕಂಬಕ್ಕೆ ಎಂಬ ಜಗಳವನ್ನೂ ಅವರು ಹೇಳುತ್ತಿದ್ದಾಗ, ಈಗ ಚಿತ್ರಗಳ ಗ್ಯಾಲರಿಯಾಗಿರುವ ಆ ಕೋಣೆಯ ಹೊಸ್ತಿಲನ್ನು ಕಾಲ ತುದಿಯಿಂದ ತೋರಿಸಿದರು: ಕಲ್ಲಿನ ನಡುಭಾಗ ತಟ್ಟೆಯಂತೆ ತಗ್ಗಾಗಿ ನುಣುಪಾಗಿತ್ತು. ದುರಸ್ತಿ ಮಾಡಿದವರು ಆ ಹೊಸ್ತಿಲನ್ನು ಬದಲಿಸದೆ ಬಿಟ್ಟಿದ್ದರು. ನಾಲ್ಕು ಶತಮಾನಗಳ ವರ್ತಕರೂ ಕೈದಿಗಳೂ ಬಡವರ ಮಕ್ಕಳೂ ಸೇರಿ ಸವೆಸಿದ್ದ ಕಲ್ಲನ್ನು ಕಿತ್ತು ಚಪ್ಪಟೆಯಾದ ಹೊಸ ಕಲ್ಲು ಹಾಕುವುದು ಎಷ್ಟು ಸುಲಭವಾಗಿತ್ತು ಎಂಬುದನ್ನು ಯೋಚಿಸಿದರೆ, ಅದನ್ನು ಮಾಡದೆ ಬಿಟ್ಟ ಕೈಗಳ ಬಗ್ಗೆ ಗೌರವ ಹುಟ್ಟುತ್ತದೆ.

ದುರಸ್ತಿಯ ಮೊದಲ ಪ್ರಯತ್ನ ಆರಂಭವಾದದ್ದು 1963ರಲ್ಲಿ. ಸೈಪ್ರಸ್ 1960ರ ಆಗಸ್ಟ್‌ನಲ್ಲಿ ಸ್ವತಂತ್ರವಾಗಿತ್ತು. ಬಹುಸಂಖ್ಯಾತ ಗ್ರೀಕ್ ಸೈಪ್ರಿಯಟರಿಗೂ ಅಲ್ಪಸಂಖ್ಯಾತ ತುರ್ಕಿ ಸೈಪ್ರಿಯಟರಿಗೂ ಅಧಿಕಾರವನ್ನು ಹಂಚಿಕೊಟ್ಟಿದ್ದ ಸಂವಿಧಾನ ಮೂರು ವರ್ಷವೂ ಸರಿಯಾಗಿ ನಡೆಯದೆ, 1963ರ ಡಿಸೆಂಬರ್‌ನಲ್ಲಿ ನಿಕೋಸಿಯಾದ ಬೀದಿಗಳಲ್ಲಿ ಗುಂಡು ಹಾರಿತು. ತಿಂಗಳ ಕೊನೆಯ ಹೊತ್ತಿಗೆ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ಎರಡು ಕಡೆಯವರನ್ನು ಬೇರ್ಪಡಿಸಲು ಊರಿನ ನಕಾಶೆಯ ಮೇಲೆ ಹಸಿರು ಪೆನ್ಸಿಲ್‌ನಿಂದ ಗೆರೆಯೊಂದನ್ನು ಎಳೆದನು. ಹಸಿರು ಗೆರೆ ಎಂಬ ಹೆಸರು ಅದಕ್ಕೆ ಹಾಗೆಯೇ ನಿಂತುಬಿಟ್ಟಿತು. ಹಾನ್ ಇದ್ದದ್ದು ಗೆರೆಯ ಉತ್ತರಕ್ಕೆ, ತುರ್ಕಿ ಸೈಪ್ರಿಯಟರ ಕೇರಿಯಲ್ಲಿ, ಗೆರೆಯಿಂದ ಕೆಲವೇ ನಿಮಿಷಗಳ ಕಾಲ್ನಡಿಗೆಯಷ್ಟು ದೂರದಲ್ಲಿ. ಕೆಲಸ ನಿಂತುಹೋಯಿತು.

ಮರುವರ್ಷ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯದಂತೆ ಶಾಂತಿಪಾಲನಾ ಪಡೆ ದ್ವೀಪಕ್ಕೆ ಬಂದಿಳಿಯಿತು. ಅದರ ಮೊದಲ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ, ಅವರ ನಂತರ 1964ರ ಜುಲೈನಲ್ಲಿ ಆ ಹೊಣೆ ವಹಿಸಿಕೊಂಡವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿ, 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ. ಹಸಿರು ಗೆರೆಯ ಎರಡೂ ಬದಿಯ ಮರಳುಮೂಟೆಗಳ ನಡುವೆ ಮಾತುಕತೆ ನಡೆಸುತ್ತ, ಎರಡೂ ಕಡೆಯವರ ನಂಬಿಕೆ ಗಳಿಸುವ ಕಷ್ಟದ ಕೆಲಸದಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಅವರು ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಸಮಾಧಿ ಬೆಂಗಳೂರಿನಲ್ಲಿದೆ. ಸೈಪ್ರಸ್ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಾಕಾ ಪಟ್ಟಣದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಕರ್ನಾಟಕದಿಂದ ಬಂದವಳು ಎಂದು ಲೇಖಕಿ ಹೇಳಿಕೊಂಡಾಗ ಹಾನ್‌ನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಆ ಹೆಸರನ್ನು ತಾವಾಗಿಯೇ ಎತ್ತಿದರು. ಶಾಲಾಬಾಲಕನಾಗಿದ್ದಾಗ ವಿಶ್ವಸಂಸ್ಥೆಯ ನೀಲಿ ಬಾವುಟದ ವಾಹನ ತಮ್ಮ ಬೀದಿಯಲ್ಲಿ ಹಾದುಹೋದುದನ್ನು ನೆನೆದ ಅವರ ಮಾತಿನಲ್ಲಿ ತಿಮ್ಮಯ್ಯನವರ ಎತ್ತರದ ಬಗ್ಗೆ ಇದ್ದ ಅಚ್ಚರಿ ಅಷ್ಟು ವರ್ಷಗಳ ಮೇಲೂ ಕುಂದಿರಲಿಲ್ಲ.

1974ರ ಜುಲೈನಲ್ಲಿ ಗ್ರೀಸ್‌ನ ಸೈನಿಕ ಸರ್ಕಾರದ ಬೆಂಬಲದಿಂದ ನಡೆದ ಕ್ಷಿಪ್ರಕ್ರಾಂತಿ, ಐದು ದಿನಗಳ ಬಳಿಕ ತುರ್ಕಿಯ ಸೇನೆ ಉತ್ತರ ತೀರದಲ್ಲಿ ಇಳಿದದ್ದು, ಆ ಮೇಲೆ ಉತ್ತರದ ಗ್ರೀಕರು ದಕ್ಷಿಣಕ್ಕೂ ದಕ್ಷಿಣದ ತುರ್ಕರು ಉತ್ತರಕ್ಕೂ ಮನೆಮಠ ಬಿಟ್ಟು ಹೋದದ್ದು, ಇವೆಲ್ಲ ಬೇರೆಡೆ ವಿಸ್ತಾರವಾಗಿ ದಾಖಲಾಗಿವೆ. ಇಲ್ಲಿ ಹೇಳಬೇಕಾದುದು, ಸುಮಾರು 180 ಕಿಲೋಮೀಟರ್ ಉದ್ದಕ್ಕೆ ದ್ವೀಪವನ್ನು ಸೀಳಿದ ನಿರ್ಜನ ವಲಯ ನಿಕೋಸಿಯಾದ ಕೋಟೆಯೊಳಗೆ ಹಾದುಹೋಗುವಾಗ ಕೆಲವೆಡೆ ಒಂದು ಓಣಿಯಷ್ಟೇ ಕಿರಿದಾಗಿತ್ತು ಎಂಬುದು, ಮತ್ತು ಹಾಗೆ ಎರಡಾದ ಊರಿನಲ್ಲೂ ಎರಡು ಮಾಡಲಾಗದ ಒಂದು ವಸ್ತು ಇತ್ತು ಎಂಬುದು. ಅದು ಒಳಚರಂಡಿ. ಮಲಿನ ನೀರು ಇಳಿಜಾರನ್ನು ಹಿಡಿದು ಹರಿಯುತ್ತದೆ, ಗೆರೆಯನ್ನಲ್ಲ. ದಕ್ಷಿಣದ ಮೇಯರ್ ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತು ಉತ್ತರದ ಮೇಯರ್ ಮುಸ್ತಫಾ ಅಕಿಂಜಿ 1970ರ ದಶಕದ ಕೊನೆಯಲ್ಲಿ ಈ ಒಂದು ಕೆಲಸಕ್ಕಾಗಿ ಮಾತನಾಡತೊಡಗಿ, ಆ ಮಾತಿನಿಂದಲೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಇಡೀ ಊರಿಗೆ ಒಂದೇ ಮಹಾಯೋಜನೆಯನ್ನು, ಅಂದರೆ ಊರು ಒಂದು ದಿನ ಮತ್ತೆ ಕೂಡಿದರೆ ರಸ್ತೆ, ಮನೆ, ಪೇಟೆಗಳು ಹೇಗಿರಬೇಕೆಂಬ ಸಮಗ್ರ ನಕ್ಷೆಯನ್ನು, ಸಿದ್ಧಪಡಿಸಿಕೊಂಡರು. ಗೆರೆಯ ದಕ್ಷಿಣದ ಕ್ರಿಸಲಿನಿಯೊತಿಸ್ಸಾ ಕೇರಿಯಲ್ಲೂ ಉತ್ತರದ ಅರಬ್ ಅಹ್ಮದ್ ಕೇರಿಯಲ್ಲೂ ಪಾಳುಬೀಳುತ್ತಿದ್ದ ಮನೆಗಳು ದುರಸ್ತಿಗೊಂಡವು. ಕೋಟೆಯೊಳಗಿನ ಊರಿನ ಈ ಪುನರುಜ್ಜೀವನಕ್ಕೆ 2007ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಸಂದಿತು. ಆಡಳಿತಗಳು ಒಂದನ್ನೊಂದು ಒಪ್ಪದ ಕಾಲದಲ್ಲಿ ಚರಂಡಿಯ ನೆಪದಲ್ಲಿ ಮುಖಾಮುಖಿಯಾದ ಆ ಇಬ್ಬರ ಧೈರ್ಯಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲವೆಂದೇ ಈ ಲೇಖಕಿಯ ಭಾವನೆ.

ಹಾನ್‌ನ ದುರಸ್ತಿ ಮತ್ತೆ ಕೈಗೆತ್ತಿಕೊಂಡದ್ದು 1980ರ ದಶಕದಲ್ಲಿ, ಮುಗಿದದ್ದು 2002ರಲ್ಲಿ. ಇಷ್ಟು ದೀರ್ಘಕಾಲ ಹಿಡಿದುದರ ಹಿನ್ನೆಲೆಯಲ್ಲಿ ರಾಜಕೀಯದ ನೆರಳೂ ಇದೆ: 1983ರಲ್ಲಿ ಉತ್ತರ ಭಾಗ ತನ್ನನ್ನು ಪ್ರತ್ಯೇಕ ಗಣರಾಜ್ಯವೆಂದು ಘೋಷಿಸಿಕೊಂಡಿತು, ಅದನ್ನು ತುರ್ಕಿಯ ಹೊರತು ಬೇರಾವ ದೇಶವೂ ಮಾನ್ಯ ಮಾಡಲಿಲ್ಲ, ಆದ್ದರಿಂದ ಅಲ್ಲಿಯ ಸ್ಮಾರಕಗಳಿಗೆ ಹೊರಗಿನ ಹಣವೂ ಪರಿಣತಿಯೂ ಸುಲಭವಾಗಿ ತಲುಪುವಂತಿರಲಿಲ್ಲ. ಆದರೆ ನಿಧಾನದಿಂದ ಕಟ್ಟಡಕ್ಕೆ ಕೇಡಾಗಲಿಲ್ಲ. ಅವಸರದ ದುರಸ್ತಿಯಲ್ಲಿ ಹಳೆಯ ಕಲ್ಲಿಗೆ ಆಗುವ ಅನ್ಯಾಯವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ನಿಕೋಸಿಯಾದ ಹಳೆಯ ಕಟ್ಟಡಗಳದು ಹಳದಿ ಛಾಯೆಯ ಮೆದು ಮರಳುಗಲ್ಲು. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿದ್ದು, ನೆಲದ ತೇವ ಅವುಗಳ ಮೂಲಕ ಗೋಡೆಯೊಳಗೆ ಏರಿ, ಬಿಸಿಲಿಗೆ ಆವಿಯಾಗಿ ಹೊರಹೋಗುತ್ತದೆ. ಸುಣ್ಣದ ಗಾರೆಯೂ ಹಾಗೆಯೇ ತೇವವನ್ನು ಬಿಟ್ಟುಕೊಡುವ ಗುಣದ್ದು. ಇಂಥ ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬಿದರೆ ತೇವಕ್ಕೆ ಹೊರದಾರಿ ಮುಚ್ಚುತ್ತದೆ, ಅದು ಕಲ್ಲಿನ ಕಡೆಗೇ ತಿರುಗುತ್ತದೆ, ತನ್ನೊಂದಿಗೆ ತಂದ ಉಪ್ಪನ್ನು ಕಲ್ಲಿನ ಮೇಲ್ಮೈಯ ಹಿಂದೆ ಹರಳುಗಟ್ಟಿಸುತ್ತದೆ, ಹರಳು ಹಿಗ್ಗಿದಂತೆ ಕಲ್ಲಿನ ಮೈ ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತದೆ; ಕೆಲವು ವರ್ಷಗಳಲ್ಲಿ ಸಿಮೆಂಟಿನ ಗೆರೆಗಳು ಮುಂದೆ ಚಾಚಿಕೊಂಡು, ಕಲ್ಲುಗಳು ಮಾತ್ರ ಒಳಕ್ಕೆ ಕುಸಿದು ಹೋಗಿರುತ್ತವೆ. ಕಾಪಾಡಬೇಕೆಂದು ಹಾಕಿದ್ದೇ ಕಲ್ಲನ್ನು ತಿನ್ನುತ್ತದೆ. ಹಾನ್‌ನ ಕೆಲಸದಲ್ಲಿ ತೊಡಗಿದ್ದ ಹಿರಿಯ ಕಲ್ಲುಕೆಲಸಗಾರರೊಬ್ಬರು ಇದನ್ನು ವಿವರಿಸುವಾಗ ಪುಸ್ತಕದ ಮಾತೇನೂ ಆಡಲಿಲ್ಲ. ಕೈಸಾಲೆಯ ಒಂದು ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಉಗುರಿನಿಂದ ಮೊದಲು ಗಾರೆಯನ್ನು, ಆಮೇಲೆ ಕಲ್ಲನ್ನು ಗೀರಿ, ಎರಡೂ ಒಂದೇ ಪ್ರಮಾಣದಲ್ಲಿ ಪುಡಿ ಬಿಡುವುದನ್ನು ತೋರಿಸಿದರು. ಗಾರೆ ಎಂದಿಗೂ ಕಲ್ಲಿಗಿಂತ ಗಟ್ಟಿಯಾಗಿರಬಾರದು ಎಂಬ ನಿಯಮಕ್ಕೆ ಅದೇ ಅವರ ಪರೀಕ್ಷೆ. ಅರಳಿಸಿದ ಸುಣ್ಣವನ್ನು ನೀರಿನಡಿ ತಿಂಗಳುಗಟ್ಟಲೆ ಹಣ್ಣಾಗಲು ಬಿಟ್ಟು, ಮರಳಿನೊಂದಿಗೆ ಇಟ್ಟಿಗೆಯ ಪುಡಿ ಬೆರೆಸುವ ಅವರ ಕ್ರಮ ಮೈಸೂರು ಸೀಮೆಯ ಗಾರೆಯವರು ಸುರ್ಕಿ ಹಾಕುವ ಕ್ರಮಕ್ಕೆ ತೀರ ಹತ್ತಿರವಾಗಿತ್ತು. ಇಟ್ಟಿಗೆಪುಡಿ ಹಾಕಿದ ಗಾರೆ ತೇವದಲ್ಲೂ ಬಿಗಿಯುತ್ತದೆ ಎಂಬ ತಿಳಿವಳಿಕೆ ರೋಮನ್ನರ ಕಾಲದಿಂದಲೂ ಇಷ್ಟು ದೂರದ ನಾಡುಗಳ ಕೈಗಳಲ್ಲಿ ಉಳಿದು ಬಂದಿರುವುದನ್ನು ನೋಡಿದಾಗ, ಕರ್ನಾಟಕದ ಎಷ್ಟೋ ಛತ್ರಗಳ ಗೋಡೆಗೆ ಸದುದ್ದೇಶದಿಂದಲೇ ಸಿಮೆಂಟ್ ಮೆತ್ತಿ, ಮೇಲೆ ಎಣ್ಣೆಬಣ್ಣ ಹೊಡೆದಿರುವುದು ನೆನಪಿಗೆ ಬಂದು ಮನಸ್ಸು ಭಾರವಾಗುತ್ತದೆ.

ದುರಸ್ತಿಯಾದ ಹಾನ್‌ನ ಕೋಣೆಗಳನ್ನು ಕುಶಲಕರ್ಮಿಗಳಿಗೂ ಕಲಾವಿದರಿಗೂ ಬಾಡಿಗೆಗೆ ಕೊಡಲಾಯಿತು, ಅಂಗಳದಲ್ಲಿ ಕಾಫಿ ಮತ್ತು ಊಟದ ಮೇಜುಗಳು ಬಂದವು. ಕೋಣೆಯೊಂದರಲ್ಲಿ ಕರಗೋಜ್ ಎಂಬ ನೆರಳಿನಾಟ ನಡೆಯುತ್ತಿತ್ತು. ತೊಗಲುಗೊಂಬೆಯನ್ನು ಪರದೆಗೆ ಒತ್ತಿ ಹಿಂದಿನಿಂದ ದೀಪ ಹಿಡಿದು ಆಡಿಸುವ ಈ ಹಾಸ್ಯನಾಟಕ ತುರ್ಕರಲ್ಲಿಯೂ ಗ್ರೀಕರಲ್ಲಿಯೂ ಒಂದೇ ನಾಯಕನನ್ನು ಇಟ್ಟುಕೊಂಡು ಬೆಳೆದಿದೆ. ಇಷ್ಟರ ಮಟ್ಟಿಗೆ ಅದು ಯೋಜನೆಯಂತೆಯೇ ನಡೆದ ಒಂದು ಪ್ರವಾಸಿ ತಾಣ. 2003ರ ಏಪ್ರಿಲ್ 23ರಂದು, ಯಾರೂ ನಿರೀಕ್ಷಿಸದಿದ್ದಾಗ, ಉತ್ತರದ ಆಡಳಿತ ಗೆರೆ ದಾಟಲು ಅನುಮತಿ ಕೊಟ್ಟಿತು. ಸುಮಾರು ಮೂವತ್ತು ವರ್ಷ ಆಚೆ ಬದಿಯನ್ನು ಕಾಣದಿದ್ದ ಸಾವಿರಾರು ಜನ ಸಾಲುಗಟ್ಟಿ ನಿಂತು, ಬಿಟ್ಟುಬಂದ ಮನೆಗಳ ಬಾಗಿಲು ತಟ್ಟಿದರು. ಆ ಮನೆಗಳಲ್ಲಿ ಈಗ ಬೇರೆಯವರ ಸಂಸಾರವಿತ್ತು. ಕೆಲವೆಡೆ ಬಂದವರನ್ನು ಒಳಗೆ ಕರೆದು, ಕಾಪಿಟ್ಟಿದ್ದ ಮದುವೆಯ ಫೋಟೊಗಳನ್ನು ಕೈಗಿಟ್ಟು ಕಳುಹಿಸಿದರು. ಕೆಲವೆಡೆ ಬಾಗಿಲು ತೆರೆಯಲಿಲ್ಲ. ಆ ಮೊದಲ ಭೇಟಿಗಳ ನಂತರ ಇಬ್ಬರೂ ಮತ್ತೆ ಕಾಣಬೇಕೆಂದರೆ ಎಲ್ಲಿ ಕಾಣುವುದು? ಒಬ್ಬರ ಮನೆ ಇನ್ನೊಬ್ಬರಿಗೆ ಕಳೆದುಹೋದ ಮನೆ. ಸರ್ಕಾರಿ ಕಟ್ಟಡದ ಮೇಲೆ ಒಂದಲ್ಲ ಒಂದು ಬಾವುಟ. ನಿರ್ಜನ ವಲಯದಲ್ಲಿದ್ದ ಲೆದ್ರಾ ಪ್ಯಾಲೇಸ್, 1949ರಲ್ಲಿ ಊರಿನ ಅತ್ಯಂತ ಸೊಗಸಿನ ಹೋಟೆಲಾಗಿ ತೆರೆದದ್ದು, ವಿಶ್ವಸಂಸ್ಥೆಯ ಸೈನಿಕರ ವಸತಿಯಾಗಿತ್ತು. ಅಲ್ಲಿ ಸಭೆ ಸೇರಬಹುದಿತ್ತು, ಸುಮ್ಮನೆ ಕೂರಲು ಸಾಧ್ಯವಿರಲಿಲ್ಲ. ಉಳಿದದ್ದು ಹಾನ್.

ಲೇಖಕಿ ಅಲ್ಲಿದ್ದ ಕಾಲದಲ್ಲಿ, 2008ರ ಏಪ್ರಿಲ್‌ನಲ್ಲಿ ಲೆದ್ರಾ ಬೀದಿಯ ದಾಟುಠಾಣೆಯೂ ತೆರೆದ ಮೇಲೆ, ಶನಿವಾರ ಬೆಳಗಿನ ಹೊತ್ತು ಹಾನ್‌ನ ಅಂಗಳದಲ್ಲಿ ಮೇಜು ಸಿಗುವುದೇ ಕಷ್ಟವಾಗಿತ್ತು. ಎರಡೂ ಕಡೆಯ ಗೆಳೆಯರ ಗುಂಪುಗಳು ವಾರ ತಪ್ಪದೆ ಬಂದು, ಮೇಜುಗಳನ್ನು ಜೋಡಿಸಿ, ಮಧ್ಯಾಹ್ನದವರೆಗೆ ಮಾತನಾಡುತ್ತಿದ್ದವು. ಹಿಂದೆ ಮಿಶ್ರ ಹಳ್ಳಿಗಳಲ್ಲಿದ್ದ ತುರ್ಕಿ ಸೈಪ್ರಿಯಟ್ ಹಿರಿಯರು ಹಳ್ಳಿಯ ಗ್ರೀಕ್ ನುಡಿಯಲ್ಲಿ ಸರಾಗವಾಗಿ ಮಾತನಾಡುತ್ತಿದ್ದರು. ಕಿರಿಯರಿಗೆ ಇಂಗ್ಲಿಷ್ ಆಸರೆಯಾಗಿತ್ತು. ಕೆಳಂತಸ್ತಿನ ಒಂದು ಕೋಣೆಯಲ್ಲಿ ರೇಷ್ಮೆಗೂಡಿನ ಕಸೂತಿ ಮಾಡುತ್ತಿದ್ದ ಹೆಂಗಸು ಅಂಗಳದ ಕಡೆಗೆ ಮುಖ ಮಾಡಿ ಕುಳಿತು, ಪುಟ್ಟ ಕತ್ತರಿಯಿಂದ ಗೂಡನ್ನು ಉದ್ದಕ್ಕೆ ಸೀಳಿ, ನಿಧಾನವಾಗಿ ಒಂದೊಂದು ಎಸಳನ್ನು ಕತ್ತರಿಸಿ, ಕಪ್ಪು ಮಖಮಲ್ಲಿನ ಮೇಲೆ ಹೂವಾಗಿ ಹೊಲಿಯುತ್ತಿದ್ದರು. ರಾಮನಗರದ ಗೂಡಿನ ಮಾರುಕಟ್ಟೆಯ ವಿಷಯ ತಿಳಿದಾಗ, ಚಿಟ್ಟೆ ತೂತುಮಾಡಿ ಹೊರಬಂದ ಗೂಡನ್ನು ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ನಮ್ಮಲ್ಲೂ ಹಾರ, ಹೂವು ಮಾಡುತ್ತಾರೆಂದು ಹೇಳಿದಾಗ ಪಕ್ಕದ ಮೇಜಿನಿಂದ ಗ್ರೀಕ್ ಸೈಪ್ರಿಯಟ್ ಮುದುಕಿಯೊಬ್ಬರು ಕುರ್ಚಿಯನ್ನೇ ಎಳೆದುಕೊಂಡು ಬಂದು, ತಮ್ಮ ತಾಯಿಯ ಊರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಕಾಲವನ್ನು ಹೇಳತೊಡಗಿದರು. ಊರಿನ ಹೆಸರು ಕೇಳಿದ ಕಸೂತಿಯವರು ಕತ್ತರಿಯನ್ನು ಕೆಳಗಿಟ್ಟರು. ಅವರ ಗಂಡನ ಮನೆಯವರು ಈಗ ನೆಲಸಿದ್ದುದು ಅದೇ ಊರಿನಲ್ಲಿ. ಅಲ್ಲಿಂದ ಮುಂದಿನ ಮಾತು ಸುಲಭದ್ದಾಗಿರಲಿಲ್ಲ, ಮೃದುವಾಗಿಯೂ ಇರಲಿಲ್ಲ. ಆದರೆ ಇಬ್ಬರಲ್ಲಿ ಯಾರೂ ಎದ್ದು ಹೋಗಲಿಲ್ಲ.

ಈ ಬಳಕೆ ತಾನಾಗಿ ಬಂದದ್ದಾದರೂ ಅದಕ್ಕೆ ಕಾರಣಗಳಿಲ್ಲದಿಲ್ಲ. ಕೋಣೆಗಳ ನಡುಗೋಡೆ ಕೆಡವಿ ದೊಡ್ಡ ಸಭಾಂಗಣ ಮಾಡಿದ್ದರೆ, ಅದನ್ನು ತುಂಬಲು ಭಾಷಣ, ಸಮಾರಂಭ, ಅತಿಥಿಗಳು ಬೇಕಾಗುತ್ತಿದ್ದರು. ತುರ್ಕಿಯ ಕೆಲವು ಹಾನ್‌ಗಳಿಗೆ ಆದಂತೆ ಐಷಾರಾಮಿ ಹೋಟೆಲ್ ಮಾಡಿದ್ದರೆ, ಮೂಲ ಉದ್ದೇಶಕ್ಕೆ ಅದೇ ಹತ್ತಿರವೆಂದು ವಾದಿಸಬಹುದಾಗಿತ್ತು, ಆದರೆ ಅಂಗಳ ಅಲ್ಲಿ ತಂಗುವವರ ಸ್ವತ್ತಾಗಿಬಿಡುತ್ತಿತ್ತು. ಸಣ್ಣ ಕೋಣೆಗಳು ಸಣ್ಣವಾಗಿಯೇ ಉಳಿದುದರಿಂದ ಬಾಡಿಗೆಗೆ ಬಂದವರೂ ಸಣ್ಣ ಕಸುಬಿನವರೇ ಆದರು; ಅವರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇದ್ದು, ಬಂದವರ ಮುಖ ಗುರುತಿಟ್ಟುಕೊಳ್ಳುವವರಾದರು. ಒಂದು ಕಾಫಿ ಕೊಂಡವನಿಗೆ ಅರ್ಧ ದಿನ ಕೂರುವ ಹಕ್ಕು. ಬರಲು ಕಾರಣ ಹೇಳಬೇಕಾಗಿಲ್ಲ. ನೂಲು ನೋಡಲು ಬಂದೆ, ಮಗುವಿಗೆ ಗೊಂಬೆಯಾಟ ತೋರಿಸಲು ಬಂದೆ ಎನ್ನಬಹುದು. ಶತ್ರುವೆಂದು ಕಲಿತವರನ್ನು ಕಾಣಲು ಹೊರಟವರಿಗೆ ಇಂಥ ಒಂದು ಸಣ್ಣ ನೆಪ ಎಷ್ಟು ಅಗತ್ಯವೆಂಬುದನ್ನು ಸಮುದಾಯ ಭವನಗಳನ್ನು ಯೋಜಿಸುವವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎಲ್ಲರೂ ಬರುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ತಮ್ಮದೇ ದೇಶದೊಳಗೆ ಓಡಾಡಲು ಗುರುತಿನ ಚೀಟಿ ತೋರಿಸಿದರೆ ವಿಭಜನೆಯನ್ನು ಒಪ್ಪಿದಂತಾಗುತ್ತದೆ ಎಂಬ ನಿಲುವಿನಿಂದ ಗೆರೆಯನ್ನು ಎಂದೂ ದಾಟದ ಗ್ರೀಕ್ ಸೈಪ್ರಿಯಟರು ಬಹಳ ಮಂದಿ ಇದ್ದಾರೆ. ಆ ಸಂಘರ್ಷಗಳಲ್ಲಿ ಕಾಣೆಯಾದವರ ಎಲುಬು ಇನ್ನೂ ಸಿಗದ ಮನೆಗಳು ಎರಡೂ ಕಡೆ ಇವೆ, ಅಂಥ ಮನೆಯವರಿಗೆ ಕಾಫಿಯ ಮೇಜಿನ ಸ್ನೇಹ ಹಗುರಾಗಿ ಕಂಡರೆ ಅದು ತಪ್ಪಲ್ಲ. ಶನಿವಾರದ ಗುಂಪುಗಳು ರಾಜಕೀಯವನ್ನು ಬದಲಿಸಲೂ ಇಲ್ಲ. 2004ರ ಏಪ್ರಿಲ್‌ನಲ್ಲಿ ದ್ವೀಪವನ್ನು ಕೂಡಿಸುವ ವಿಶ್ವಸಂಸ್ಥೆಯ ಯೋಜನೆಗೆ ತುರ್ಕಿ ಸೈಪ್ರಿಯಟರಲ್ಲಿ ಶೇ. 65 ಮಂದಿ ಒಪ್ಪಿಗೆ ಕೊಟ್ಟರೆ ಗ್ರೀಕ್ ಸೈಪ್ರಿಯಟರಲ್ಲಿ ಶೇ. 76 ಮಂದಿ ನಿರಾಕರಿಸಿದರು. 2017ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಮಾತುಕತೆಯೂ ಮುರಿದುಬಿತ್ತು. 2020ರಲ್ಲಿ ಕೋವಿಡ್ ನೆಪದಿಂದ ಲೆದ್ರಾ ಬೀದಿಯ ದಾಟುಠಾಣೆ ಮುಚ್ಚಿ ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿದಾಗ, ಹಾನ್‌ನ ಅಂಗಳಕ್ಕೆ ದಕ್ಷಿಣದಿಂದ ಬರುವ ಹತ್ತಿರದ ದಾರಿ ಇಲ್ಲದಂತಾಗಿ, ಕಸುಬಿನವರ ವ್ಯಾಪಾರ ಕುಸಿಯಿತು. ಬಾಗಿಲು ತೆರೆದಿಟ್ಟುಕೊಂಡರೆ ಮಾತ್ರ ಛತ್ರಕ್ಕೆ ಸಾಲದು, ಅಲ್ಲಿಗೆ ಬರುವ ರಸ್ತೆಯೂ ತೆರೆದಿರಬೇಕು.

ಹಾನ್‌ನ ನೆರೆಯಲ್ಲೇ ಇರುವ, ಅದಕ್ಕಿಂತ ಚಿಕ್ಕದಾದ ಕುಮಾರ್ಜಿಲಾರ್ ಹಾನ್ ಲೇಖಕಿ ನೋಡಿದಾಗ ಬೀಗ ಹಾಕಿಕೊಂಡು ಪಾಳುಬಿದ್ದಿತ್ತು. ನಂತರದ ವರ್ಷಗಳಲ್ಲಿ ಅದೂ ದುರಸ್ತಿಗೊಂಡು ಅಂಗಡಿ, ಕಾಫಿಯ ಮೇಜುಗಳೊಂದಿಗೆ ತೆರೆದಿದೆ. 2008ರಲ್ಲಿ ಎರಡೂ ಸಮುದಾಯಗಳ ತಜ್ಞರನ್ನು ಸೇರಿಸಿ ರಚಿಸಲಾದ ಸಾಂಸ್ಕೃತಿಕ ಪರಂಪರೆಯ ತಾಂತ್ರಿಕ ಸಮಿತಿ, ಆಡಳಿತದ ಮಾನ್ಯತೆಯ ಪ್ರಶ್ನೆಯನ್ನು ಬದಿಗಿಟ್ಟು, ಉತ್ತರದಲ್ಲಿ ಉಳಿದ ಚರ್ಚುಗಳನ್ನೂ ದಕ್ಷಿಣದಲ್ಲಿ ಉಳಿದ ಮಸೀದಿಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಂಡು ಕೆಲಸ ಮಾಡುತ್ತಿದೆ. ಫಾಮಗುಸ್ತಾದ ಒಥೆಲ್ಲೋ ಬುರುಜು 2015ರಲ್ಲಿ ಹಾಗೆ ಮತ್ತೆ ತೆರೆದುಕೊಂಡಿತು. ಇತ್ತ ಮಡಿಕೇರಿಯಲ್ಲಿ, ತಿಮ್ಮಯ್ಯನವರು ಬೆಳೆದ ಸನ್ನಿಸೈಡ್ ಮನೆ ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿದ್ದು, ದುರಸ್ತಿಯ ಬಳಿಕ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸೈಪ್ರಸ್‌ನಿಂದ ಬರುವ ಯಾರಾದರೂ ಅಲ್ಲಿಗೆ ಹೋದರೆ, ತಮ್ಮ ಊರನ್ನು ಸೀಳಿದ ಗೆರೆಯ ಮೇಲೆ ಕೊನೆಯ ದಿನಗಳನ್ನು ಕಳೆದ ಮನುಷ್ಯನ ಮನೆಯ ಜಗುಲಿಯಲ್ಲಿ ನಿಲ್ಲಬಹುದು. ನಿಕೋಸಿಯಾಕ್ಕೆ ಹೋಗುವ ಕನ್ನಡಿಗರಿಗೆ ಹಾನ್‌ನ ಪೂರ್ವದ ಬಾಗಿಲು ಲೆದ್ರಾ ಬೀದಿಯ ಠಾಣೆ ದಾಟಿ ಕೆಲವೇ ನಿಮಿಷಗಳ ನಡಿಗೆ, ಮತ್ತು ಹೋಗುವುದಾದರೆ ಶನಿವಾರ ಬೆಳಿಗ್ಗೆಯೇ ಹೋಗಬೇಕು.